ಫಾರ್ಮ್ಯಾಟ್ ಮಾಡಲೇ ಎಂದು ಸಿಸ್ಟಮ್ ಕೇಳಿದಾಗ

ಹಾಸನದ ನಮ್ಮ ಅಂಗಡಿಗೆ ‘ಹೋಗಿದೆ’ ಎಂದು ಬರುವ ಹಾರ್ಡ್ ಡಿಸ್ಕ್‌ಗಳಲ್ಲಿ ನಿಜವಾಗಿ ಹೋಗಿರುವವು ಕಡಿಮೆ. ಹೆಚ್ಚಿನವು ಚೆನ್ನಾಗಿಯೇ ಇರುತ್ತವೆ. ಒಂದು ಸಿಸ್ಟಮ್‌ನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿದಾಗಲೋ, ಧೂಳು ಹೊಡೆಯಲೆಂದು ತೆಗೆದು ಮತ್ತೆ ಅಲ್ಲೇ ಜೋಡಿಸಿದಾಗಲೋ ಕಾಣದಂತಾಗಿರುತ್ತವೆ. ಹಾಗಾಗಿ ‘ಸರ್, ಡಿಟೆಕ್ಟ್ ಆಗ್ತಿಲ್ಲ’ ಅಂತ ಯಾರಾದರೂ ಡಿಸ್ಕನ್ನು ಮೇಜಿನ ಮೇಲಿಟ್ಟರೆ ನಾನು ಮೊದಲು ಕೇಳುವುದು ಅದರ ಹಿಂದಿನ ಕತೆ. ಕೊನೆಯ ಸಲ ಕಂಡಾಗ ಅದು ಎಲ್ಲಿತ್ತು? ಯಾವ ಪೆಟ್ಟಿಗೆಯಲ್ಲಿ, ಯಾವ ಕೇಬಲ್‌ನಲ್ಲಿ? ಆಮೇಲೆ ಏನು ಬದಲಾಯಿತು? ಸ್ಕ್ರೀನ್ ಮೇಲೆ ಏನು ಬಂತು, ಅದಕ್ಕೆ ನೀವು ಏನು ಒತ್ತಿದಿರಿ? ಕೊನೆಯ ಪ್ರಶ್ನೆಗೆ ನೇರ ಉತ್ತರ ಸಿಗುವುದು ಅಪರೂಪ. ‘ನಾನೇನೂ ಒತ್ತಿಲ್ಲ ಸರ್’ ಎಂದವರ ಡಿಸ್ಕ್‌ನಲ್ಲೇ ಹೊಸ ಫಾರ್ಮ್ಯಾಟಿನ ಗುರುತು ಸಿಕ್ಕಿದ್ದುಂಟು.

ಪುಣ್ಯಕ್ಕೆ ಏನೂ ಒತ್ತದೆ ಬಂದವರಲ್ಲಿ ಒಬ್ಬರು ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದವರು. ಅವರ 3 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್‌ನ ಯುಎಸ್‌ಬಿ ಕಿಂಡಿ ಸಡಿಲವಾಗಿ ಸಂಪರ್ಕ ಬಂದು ಹೋಗಿ ಮಾಡುತ್ತಿತ್ತು. ಪರಿಚಯದ ಹುಡುಗನೊಬ್ಬ ಪೆಟ್ಟಿಗೆ ಒಡೆದು, ಒಳಗಿದ್ದ ಡಿಸ್ಕನ್ನು ಹೊರತೆಗೆದು ಡೆಸ್ಕ್‌ಟಾಪ್‌ನ ಸಾಟಾ ಕೇಬಲ್‌ಗೆ ನೇರ ಸಿಕ್ಕಿಸಿದ. ಡಿಸ್ಕ್ ತಿರುಗಿತು, ಬಯೋಸ್‌ನಲ್ಲಿ ಹೆಸರೂ ಬಂತು. ಆದರೆ ವಿಂಡೋಸ್ ಮಾತ್ರ ‘ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳಿತು. ವರ್ಷಗಟ್ಟಲೆಯ ಮದುವೆ, ನಾಮಕರಣ, ಗೃಹಪ್ರವೇಶಗಳೆಲ್ಲ ಅದರೊಳಗೆ. ಅವರ ಮುಖ ಬಾಡಿಹೋಗಿತ್ತು.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಅಲ್ಲೇ ಸುಳಿವಿತ್ತು. ಇಡೀ ಡಿಸ್ಕ್ 2794 ಜಿಬಿ ಎಂದು ತೋರಿಸುತ್ತಿದ್ದರೂ ಅದರೊಳಗಿನ ಪಾರ್ಟಿಷನ್ 349 ಜಿಬಿ, ಪಕ್ಕದಲ್ಲಿ ‘ರಾ’ ಎಂಬ ಪಟ್ಟಿ. 2794ನ್ನು ಎಂಟರಿಂದ ಭಾಗಿಸಿದರೆ 349. ಕೆಟ್ಟ ಡಿಸ್ಕ್ ಇಷ್ಟು ಲೆಕ್ಕಾಚಾರದಿಂದ ಕೆಡುವುದಿಲ್ಲ.

ಆಗಿದ್ದಿಷ್ಟು. ಹಳೆಯ ಎಂಬಿಆರ್ ಪದ್ಧತಿಯ ಪಾರ್ಟಿಷನ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆ ಬರೆಯಲು 32 ಬಿಟ್ ಜಾಗವಿದೆ. ಸೆಕ್ಟರ್‌ಗೆ 512 ಬೈಟ್ ಎಂದರೆ ಅದರಲ್ಲಿ 2 ಟಿಬಿಗಿಂತ ಆಚೆ ಎಣಿಸಲಾಗದು. ದೊಡ್ಡ ಡಿಸ್ಕ್‌ಗಳು ಬಂದಾಗ ವಿಂಡೋಸ್ ಎಕ್ಸ್‌ಪಿಯಂಥ ಹಳೆಯ ಸಿಸ್ಟಮ್‌ಗಳಲ್ಲೂ ಅವು ನಡೆಯಲಿ ಎಂದು ಕೆಲವು ಎಕ್ಸ್‌ಟರ್ನಲ್ ಪೆಟ್ಟಿಗೆಗಳ ಬೋರ್ಡು ಒಂದು ಉಪಾಯ ಮಾಡುತ್ತಿತ್ತು. ಎಂಟೆಂಟು ಸೆಕ್ಟರ್ ಒಟ್ಟುಗೂಡಿಸಿ, ‘ನನ್ನ ಒಂದು ಸೆಕ್ಟರ್ ಎಂದರೆ 4096 ಬೈಟ್’ ಎಂದು ಕಂಪ್ಯೂಟರ್‌ಗೆ ಹೇಳುತ್ತಿತ್ತು. ಪಾರ್ಟಿಷನ್ 256ನೇ ಸೆಕ್ಟರ್‌ನಿಂದ ಶುರು ಎಂದು ಬರೆದದ್ದು ಆ ಲೆಕ್ಕದಲ್ಲಿ. ಪೆಟ್ಟಿಗೆ ಕಳಚಿ ನೇರ ಸಾಟಾಗೆ ಹಾಕಿದಾಗ ಡಿಸ್ಕ್ ತನ್ನ ಮೂಲದ 512 ಬೈಟ್ ಲೆಕ್ಕಕ್ಕೆ ಮರಳಿತು. ಹಿಸ್ಸೆ ಪತ್ರದಲ್ಲಿ ‘ಬಾವಿಯಿಂದ 256 ಹೆಜ್ಜೆ’ ಎಂದು ಆಳೆತ್ತರದ ಅಜ್ಜ ಬರೆಸಿದ್ದನ್ನು ಅಂಬೆಗಾಲಿನ ಮೊಮ್ಮಗ ಅಳೆದಂತೆ. ಜಮೀನು ಇದ್ದಲ್ಲೇ ಇದೆ, ಗಡಿಕಲ್ಲು ಮಾತ್ರ ಸಿಗುವುದಿಲ್ಲ.

ಆಗ ‘ಫಾರ್ಮ್ಯಾಟ್ ಮಾಡು’ ಎಂದಿದ್ದರೆ ತಪ್ಪು ಜಾಗದಲ್ಲಿ ಹೊಸ 349 ಜಿಬಿಯ ಫೈಲ್ ವ್ಯವಸ್ಥೆ ಹುಟ್ಟಿ, ಅದರ ಪಟ್ಟಿ ಹಳೆಯ ಫೋಟೊಗಳ ನಡುವೆ ಹೋಗಿ ಕೂರುತ್ತಿತ್ತು. ಆ ಕಿಟಕಿಯ ಮೇಲೆ ನನಗೆ ಹಳೆಯ ಸಿಟ್ಟು. ‘ನನಗೆ ಓದಲು ಆಗುತ್ತಿಲ್ಲ’ ಎಂದಷ್ಟೇ ಹೇಳಬೇಕಾದ ಜಾಗದಲ್ಲಿ ಅದು ‘ಅಳಿಸಿಬಿಡಲೇ?’ ಎಂದು ಕೇಳುತ್ತದೆ, ಅದೂ ಗುಂಡಿಯನ್ನು ಕೈಗೆ ಸಿಗುವಂತೆ ಮುಂದಿಟ್ಟು.

ಇಂಥ ಕೆಲಸಕ್ಕೆಂದೇ ನಾನು ಲಿನಕ್ಸ್ ಹಾಕಿದ ಪೆನ್ ಡ್ರೈವ್ ಒಂದನ್ನು ಇಟ್ಟುಕೊಂಡಿದ್ದೇನೆ. ಅದರಿಂದ ಕಂಪ್ಯೂಟರ್ ಶುರು ಮಾಡಿ ಕೇಬಲ್ ಸಿಕ್ಕಿಸಿ ‘ಡಿಮೆಸೇಜ್’ ಆದೇಶ ಓಡಿಸಿದರೆ, ಡಿಸ್ಕ್ ಸಿಸ್ಟಮ್‌ಗೆ ಏನು ಹೇಳಿತು ಎನ್ನುವುದು ಸಾಲುಸಾಲಾಗಿ ಬರುತ್ತದೆ. ಸ್ಟುಡಿಯೊದವರ ಡಿಸ್ಕ್ ನೇರ ಸಾಟಾದಲ್ಲಿ 512 ಬೈಟಿನ 5,86,05,33,168 ಸೆಕ್ಟರ್ ಎಂದು ಹೇಳಿತು. ಅದನ್ನು ಅದೇ ಬಗೆಯ ಇನ್ನೊಂದು ಪೆಟ್ಟಿಗೆಗೆ ಹಾಕಿದಾಗ 4096 ಬೈಟಿನ 73,25,66,646 ಸೆಕ್ಟರ್ ಎಂದಿತು. ಅಷ್ಟು ಕಂಡ ಮೇಲೆ ಇನ್ನೇನೂ ಉಳಿದಿರಲಿಲ್ಲ, ಫೋಲ್ಡರ್‌ಗಳೆಲ್ಲ ತೆರೆದುಕೊಂಡವು. ಆ ಪೆಟ್ಟಿಗೆ ಸಿಗದಿದ್ದರೂ ದಾರಿ ಇತ್ತು. ಲಿನಕ್ಸ್‌ನ ‘ಲೋಸೆಟಪ್’ ಆದೇಶಕ್ಕೆ ಸೆಕ್ಟರ್ ಅಳತೆ 4096 ಎಂದು ಹೇಳಿ, ಓದಲು ಮಾತ್ರ ಅನುಮತಿ ಕೊಟ್ಟು, ನಕಲು ತೆಗೆಯಬಹುದು.

ಎಲ್ಲ ಪೆಟ್ಟಿಗೆಯೂ ಇಷ್ಟು ಸಲೀಸಲ್ಲ. ಕೆಲವದರ ಬೋರ್ಡು, ನೀವು ಪಾಸ್‌ವರ್ಡ್ ಇಡದಿದ್ದರೂ, ಡೇಟಾವನ್ನು ಗೂಢಲಿಪಿಯಲ್ಲೇ ಬರೆಯುತ್ತದೆ. ಅಂಥ ಡಿಸ್ಕನ್ನು ಹೊರತೆಗೆದು ನೇರ ಹಾಕಿದರೆ ಕಾಣುವುದು ಬರೀ ಕಸ. ಒಡೆದ ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಬಂದವರಿಗೆ ನಾನು ಬೇರೇನೂ ಹೇಳಲಾರೆ, ಅದನ್ನು ಹುಡುಕಿ ತನ್ನಿ ಎನ್ನುವುದನ್ನು ಬಿಟ್ಟು.

ತಿರುಗದೇ ಇರುವ ಡಿಸ್ಕ್‌ಗಳದ್ದು ಬೇರೆ ಕತೆ. 2016ರ ಸಾಟಾ 3.3 ನಿಯಮದಲ್ಲಿ ಪವರ್ ಕನೆಕ್ಟರ್‌ನ ಮೂರನೇ ಪಿನ್‌ಗೆ ಹೊಸ ಕೆಲಸ ಕೊಟ್ಟರು: ಅಲ್ಲಿಗೆ ವೋಲ್ಟೇಜ್ ಬಂದರೆ ಡಿಸ್ಕ್ ಆಫ್ ಆಗಬೇಕು. ದೊಡ್ಡ ಸರ್ವರ್ ಕೋಣೆಗಳಲ್ಲಿ ಡಿಸ್ಕನ್ನು ದೂರದಿಂದಲೇ ಆಫ್ ಮಾಡಿ ಆನ್ ಮಾಡಲು ಅದು ಅನುಕೂಲ. ಆದರೆ ಹಳೆಯ ಎಸ್‌ಎಂಪಿಎಸ್‌ಗಳು ಅದೇ ಪಿನ್‌ಗೆ ಸದಾ 3.3 ವೋಲ್ಟ್ ಕೊಡುತ್ತವೆ. ಹಾಗಾಗಿ ಪೆಟ್ಟಿಗೆಯೊಳಗೆ ಚೆನ್ನಾಗಿ ಓಡುತ್ತಿದ್ದ ಹೊಸ ಡಿಸ್ಕ್ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಕಲ್ಲಿನಂತೆ ಬಿದ್ದಿರುತ್ತದೆ, ಬಯೋಸ್‌ನಲ್ಲೂ ಬರುವುದಿಲ್ಲ. ಆ ಪಿನ್ ಮುಚ್ಚುವಂತೆ ಕ್ಯಾಪ್ಟಾನ್ ಟೇಪಿನ ಸಣ್ಣ ಪಟ್ಟಿ ಅಂಟಿಸಿದರೆ ಓಡುತ್ತದೆ. ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಗೆ ಹೋಗುವ ಕನ್ವರ್ಟರ್‌ನಲ್ಲಿ 3.3 ವೋಲ್ಟಿನ ತಂತಿಯೇ ಇರುವುದಿಲ್ಲ, ಅದೂ ನಡೆಯುತ್ತದೆ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸುವ ಅಗ್ಗದ, ಅಚ್ಚು ಹೊಯ್ದ ಪ್ಲಾಸ್ಟಿಕ್‌ನ ಕನ್ವರ್ಟರ್‌ಗಳನ್ನು ನಾನು ಮುಟ್ಟುವುದಿಲ್ಲ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟದ್ದನ್ನು ನೋಡಿದ್ದೇನೆ.

ಸಣ್ಣ, ಜೇಬಿಗೆ ಹಿಡಿಯುವ ಡಿಸ್ಕ್‌ಗಳಿಗೆ ಬೇರೆ ಅಡಾಪ್ಟರ್ ಇಲ್ಲ, ಯುಎಸ್‌ಬಿ ಕೊಟ್ಟಷ್ಟೇ ವಿದ್ಯುತ್ತು. ಯುಎಸ್‌ಬಿ 2.0 ಕಿಂಡಿಯ ಮಿತಿ 500 ಮಿಲಿ ಆಂಪ್, 3.0ರದ್ದು 900. ತಿರುಗಲು ಶುರು ಮಾಡುವ ಹೊತ್ತಿಗೆ ಡಿಸ್ಕ್ ಹೆಚ್ಚು ಕೇಳುತ್ತದೆ. ಕ್ಯಾಬಿನೆಟ್ಟಿನ ಮುಂಭಾಗದ ಕಿಂಡಿಗೆ ಉದ್ದನೆಯ ಸವೆದ ಕೇಬಲ್ ಹಾಕಿದರೆ ‘ಟಿಕ್ ಟಿಕ್’ ಎಂದು ನಿಂತುಬಿಡುತ್ತದೆ. ಜನ ಆ ಸದ್ದಿಗೇ ಡಿಸ್ಕ್‌ನ ಹೆಡ್ ಹೋಯಿತು ಎಂದುಕೊಳ್ಳುತ್ತಾರೆ. ಹಿಂಭಾಗದ ಕಿಂಡಿ, ಮೋಟು ಕೇಬಲ್ ಹಾಕಿದ ಮೇಲೂ ಟಿಕ್ ಅಂದರೆ ಅದು ನಿಜವಾಗಿ ಹೆಡ್ಡಿನ ಮಾತು. ಆಗ ಆಫ್ ಮಾಡಿಬಿಡಬೇಕು, ಮತ್ತೆ ಮತ್ತೆ ಹಾಕಿ ನೋಡಬಾರದು.

ಉಳಿದವು ಚಿಲ್ಲರೆ ಸಂಗತಿಗಳು, ಆದರೂ ಅಂಗಡಿಗೆ ಬರುವುದು ಇವೇ ಹೆಚ್ಚು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಲ್ಲ ಸರಿಯಿದ್ದು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಕಾಣದಿದ್ದರೆ ಡ್ರೈವ್ ಲೆಟರ್ ತಪ್ಪಿಹೋಗಿರುತ್ತದೆ, ಇಲ್ಲವೇ ಆಫೀಸಿನ ನೆಟ್‌ವರ್ಕ್ ಡ್ರೈವ್ ಅದೇ ಅಕ್ಷರ ಹಿಡಿದಿರುತ್ತದೆ. ಬೇರೆ ಅಕ್ಷರ ಕೊಟ್ಟರೆ ಮುಗಿಯಿತು. ಕ್ಲೋನ್ ಮಾಡಿದ ಡಿಸ್ಕನ್ನು ಮೂಲದ ಜೊತೆಗೇ ಹಾಕಿದರೆ ಎರಡರ ಸಹಿ ಒಂದೇ ಆದ್ದರಿಂದ ವಿಂಡೋಸ್ ಒಂದನ್ನು ‘ಆಫ್‌ಲೈನ್’ ಮಾಡಿ ಕೂರಿಸುತ್ತದೆ. ಆನ್‌ಲೈನ್ ಮಾಡಿದರೆ ಹೊಸ ಸಹಿ ಬರೆದುಕೊಳ್ಳುತ್ತದೆ, ಆದರೆ ಆ ಕ್ಲೋನಿನಿಂದ ಮುಂದೆ ಕಂಪ್ಯೂಟರ್ ಬೂಟ್ ಮಾಡುವ ಉದ್ದೇಶವಿದ್ದರೆ ಮುಟ್ಟದಿರುವುದು ಒಳ್ಳೆಯದು.

ಇದರಲ್ಲಿ ಜನರಿಗೆ ಗೊತ್ತೇ ಇಲ್ಲದ ಒಂದಿದೆ. 2012ರ ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಇದ್ದಾಗ ‘ಶಟ್ ಡೌನ್’ ಪೂರ್ತಿ ಶಟ್ ಡೌನ್ ಅಲ್ಲ. ಸಿಸ್ಟಮ್ ತನ್ನ ನೆನಪನ್ನು, ಡಿಸ್ಕಿನ ಫೈಲ್ ಪಟ್ಟಿಯ ನೆನಪೂ ಸೇರಿ, ಬರೆದಿಟ್ಟು ಮಲಗಿರುತ್ತದೆ. ಆಗ ಒಳಗಿನ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರ್‌ನಲ್ಲಿ ಹೊಸ ಫೈಲ್ ಹಾಕಿ ಮರಳಿ ಜೋಡಿಸಿದರೆ, ಎದ್ದ ವಿಂಡೋಸ್ ತನ್ನ ಹಳೆಯ ನೆನಪನ್ನೇ ನಂಬುತ್ತದೆ. ಹೊಸ ಫೈಲ್ ಮಾಯವಾಗಬಹುದು, ಇಡೀ ಪಟ್ಟಿಯೂ ಕೆಡಬಹುದು. ಅಂಥ ಡಿಸ್ಕ್ ಮೇಲೆ ಬರೆಯಲು ಲಿನಕ್ಸ್ ಒಪ್ಪದಿರುವುದು ಇದಕ್ಕೇ. ಶಿಫ್ಟ್ ಕೀಲಿ ಹಿಡಿದುಕೊಂಡು ಶಟ್ ಡೌನ್ ಒತ್ತಿದರೆ ನಿಜವಾಗಿಯೂ ಪೂರ್ತಿ ಮುಚ್ಚುತ್ತದೆ. ಡಿಸ್ಕ್ ಬಿಚ್ಚುವ ಮುನ್ನ ನಾನು ಯಾವಾಗಲೂ ಹಾಗೇ ಮಾಡುತ್ತೇನೆ.

ಕಾಣದ ಡಿಸ್ಕ್ ಕಂಡ ಕೂಡಲೇ ‘ಚೆಕ್‌ಡಿಸ್ಕ್’ ಓಡಿಸಿ ಎಂದು ಸಲಹೆ ಕೊಡುವ ವಿಡಿಯೊಗಳಿಗೆ ಲೆಕ್ಕವಿಲ್ಲ. ಸರಿಪಡಿಸುವ ಆಯ್ಕೆಯೊಂದಿಗೆ ಓಡಿಸಿದರೆ ಚೆಕ್‌ಡಿಸ್ಕ್ ಡಿಸ್ಕ್ ಮೇಲೆ ಬರೆಯುತ್ತದೆ. ಫೈಲ್ ವ್ಯವಸ್ಥೆ ನೆಟ್ಟಗಿರಲಿ ಎನ್ನುವುದು ಅದರ ಗುರಿ, ನಿಮ್ಮ ಫೋಟೊ ಉಳಿಯಲಿ ಎನ್ನುವುದಲ್ಲ. ನಾನು ಮೊದಲು ನೋಡುವುದು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿ. ಕ್ರಿಸ್ಟಲ್ ಡಿಸ್ಕ್ ಇನ್ಫೊ ತೆರೆದರೆ ಸಾಕು. 5 ಮತ್ತು 197 ಎಂಬ ಕ್ರಮಾಂಕದ ಸಾಲುಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕಿನ ಮೈಯೇ ಸವೆಯುತ್ತಿದೆ. ಅದರಿಂದ ಡಿಡಿರೆಸ್ಕ್ಯೂ ಹಾಕಿ ಇನ್ನೊಂದು ಡಿಸ್ಕ್‌ಗೆ ಪೂರ್ತಿ ನಕಲು ತೆಗೆದು, ಮುಂದಿನ ಪ್ರಯೋಗವೆಲ್ಲ ಆ ನಕಲಿನ ಮೇಲೆ. 199 ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್ ದೋಷ. ಅಷ್ಟಕ್ಕೇ ಹೊಸ ಡಿಸ್ಕ್ ಕೊಂಡವರನ್ನೂ ಕಂಡಿದ್ದೇನೆ.

ರಿಪೇರಿಗೆ ತರುವವರಲ್ಲಿ ನನ್ನದೊಂದು ಕೋರಿಕೆ. ಡಿಸ್ಕ್ ಒಂದನ್ನೇ ಕವರಿನಲ್ಲಿ ಸುತ್ತಿ ತರಬೇಡಿ. ಅದರ ಪೆಟ್ಟಿಗೆ, ಒಡೆದಿದ್ದರೂ ಸರಿ, ಅದರದೇ ಕೇಬಲ್, ಅಡಾಪ್ಟರ್ ಇದ್ದರೆ ಅದನ್ನೂ ಜೊತೆಗೆ ತನ್ನಿ. ದೊಡ್ಡ ಪೆಟ್ಟಿಗೆಗಳಿಗೆ ಬೇಕಾದದ್ದು 12 ವೋಲ್ಟ್, ಲ್ಯಾಪ್‌ಟಾಪ್ ಅಡಾಪ್ಟರ್ ಕೊಡುವುದು 19. ಪ್ಲಗ್ಗು ಸರಿಯಾಗಿ ಕೂತಿತೆಂದು ಅದನ್ನು ಚುಚ್ಚಬೇಡಿ. ಮತ್ತೆ ಸ್ಕ್ರೀನ್ ಮೇಲೆ ಯಾವ ಪ್ರಶ್ನೆ ಬಂದರೂ ‘ಕ್ಯಾನ್ಸಲ್’ ಒತ್ತಿ, ಮೊಬೈಲ್‌ನಲ್ಲಿ ಅದರ ಫೋಟೊ ತೆಗೆದುಕೊಂಡು ಬನ್ನಿ.