ಗುಜರಿಗೆ ಹಾಕುವ ಮುನ್ನ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳೆಯ ಮನೆಯವರೇ, ಅಟ್ಟ ಗುಡಿಸುವಾಗ ಸ್ವಲ್ಪ ನಿಧಾನಿಸಿ. ರದ್ದಿ ಕಟ್ಟನ್ನು ತೂಕಕ್ಕೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ.

ತಳುಕಿನ ಮನೆತನದ ಕಾದಂಬರಿಕಾರ ತ.ರಾ.ಸು. ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ಮನೆಮನೆಗೆ ಮುಟ್ಟಿಸಿದವರು. 1984ರಲ್ಲಿ ಅವರು ತೀರಿಕೊಂಡ ಮರುವರ್ಷ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂಥವರು ನಿಮ್ಮ ತಾತನಿಗೆ ಬರೆದ ಒಂದು ಕಾರ್ಡು, ಸಹಿ ಹಾಕಿ ಕೊಟ್ಟ ಒಂದು ಪುಸ್ತಕ ಆ ಕಟ್ಟಿನಲ್ಲಿದ್ದರೆ?

ಸಿಕ್ಕರೆ ಹೀಗೆ ಮಾಡಿ. ‘ಇದು ಲೇಖಕರ ಪೆನ್ನು’ ಎಂಬ ಬಾಯಿಮಾತು ಸಾಲದು. ಯಾರು, ಯಾವಾಗ, ಯಾಕೆ ಕೊಟ್ಟರು ಎಂಬುದನ್ನು ಕಂಡ ಹಿರಿಯರಿಂದಲೇ ಬರೆಸಿ, ತಾರೀಕು ಹಾಕಿಸಿ. ವಸ್ತುವಿನ ಬೆಲೆಯ ಬಹುಪಾಲು ಆ ಸಾಕ್ಷಿಯಲ್ಲೇ ಇದೆ. ಹರಿದ ಕಾಗದಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಸಿಲು, ತೇವ, ಗೆದ್ದಲು ತಾಗದಂತೆ ಇಡಿ. ಫೋಟೊ ತೆಗೆದಿಡಿ.

ಇನ್ನೊಂದು ಮಾತು: ಕಾಗದ ನಿಮ್ಮದಾದರೂ ಅದರೊಳಗಿನ ಬರಹ ಲೇಖಕರದು. ಹಕ್ಕುಸ್ವಾಮ್ಯ ಅವರ ನಂತರವೂ 60 ವರ್ಷ ಉಳಿಯುತ್ತದೆ. ಅಚ್ಚು ಹಾಕಿಸುವ ಮುಂಚೆ ಅವರ ವಾರಸುದಾರರನ್ನು ಕೇಳಿ.

ಮ್ಯೂಸಿಯಂಗೆ ಕೊಡುವುದಾದರೆ ಭದ್ರತೆ ವಿಚಾರಿಸಿ, ರಸೀದಿ ಪಡೆಯಿರಿ. ಮ್ಯೂಸಿಯಂ ಆಗಿರುವ ಕುಪ್ಪಳಿಯ ಕವಿಮನೆಯಿಂದಲೇ 2015ರಲ್ಲಿ ಕುವೆಂಪು ಅವರ ಪದ್ಮ ಪದಕಗಳು ಕಳುವಾದವು. ಪದಕದ ಲೋಹಕ್ಕೆ ಎಷ್ಟು ಬಂದೀತು? ಕಳೆದುಕೊಂಡ ನಾಡಿಗೆ ಮಾತ್ರ ಅದರ ಬೆಲೆ ಗೊತ್ತು.