ಇ-ಮೇಲ್ ಪತ್ರಗಳ ರಕ್ಷಣೆ: ಪಾಪ್-3 ಮತ್ತು ಐಮ್ಯಾಪ್

ಮಣ್ಣು ಪರೀಕ್ಷೆಯ ವರದಿ, ಬ್ಯಾಂಕಿನ ಪತ್ರ, ಬೀಜದ ರಸೀದಿ ಇ-ಮೇಲ್‌ನಲ್ಲಿ ಬರುವುದುಂಟು. ಇವು ಮೊದಲು ಸೇರುವುದು ಸೇವಾ ಸಂಸ್ಥೆಯ ಸರ್ವರ್ ಎಂಬ ಕಂಪ್ಯೂಟರನ್ನು. ಅಲ್ಲಿಂದ ಪಡೆಯಲು ಎರಡು ಕ್ರಮಗಳು ಹೆಚ್ಚು ಬಳಕೆಯಲ್ಲಿವೆ.

1. ಪಾಪ್-3: ಉಗ್ರಾಣದ ಚೀಲವನ್ನು ಮನೆಗೆ ತಂದಂತೆ, ಪತ್ರವು ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ನಂತರ ಇಂಟರ್‌ನೆಟ್ ಇಲ್ಲದಿದ್ದರೂ ಓದಬಹುದು. ಆದರೆ ಸರ್ವರ್‌ನಲ್ಲಿ ಪ್ರತಿ ಉಳಿಸುವಂತೆ ಸೂಚಿಸದಿದ್ದರೆ ಅಲ್ಲಿನ ಪತ್ರ ಅಳಿದುಹೋಗಬಹುದು. ಆಮೇಲೆ ಕಂಪ್ಯೂಟರ್ ಕೆಟ್ಟರೆ ಪತ್ರವೂ ಹೋದಂತೆಯೇ.

2. ಐಮ್ಯಾಪ್: ಅಮೆರಿಕದ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಈ ಕ್ರಮದಲ್ಲಿ ಪತ್ರ ಸರ್ವರ್‌ನಲ್ಲೇ ಉಳಿಯುತ್ತದೆ. ಫೋನ್, ಕಂಪ್ಯೂಟರ್ ಎರಡರಲ್ಲೂ ಅದನ್ನೇ ಕಾಣಬಹುದು. ಫೋನ್ ಕಳೆದರೂ ಪತ್ರ ಉಳಿಯುತ್ತದೆ. ಆದರೆ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ.

ಆದ್ದರಿಂದ ಫೋನ್, ಕಂಪ್ಯೂಟರ್ ಎರಡನ್ನೂ ಬಳಸುವವರು ಐಮ್ಯಾಪ್ ಆರಿಸಿಕೊಳ್ಳುವುದು ಉತ್ತಮ. ಒಂದೇ ಕಂಪ್ಯೂಟರ್ ಇದ್ದು, ಸಂಪರ್ಕ ಪದೇ ಪದೇ ಕಡಿಯುವ ಊರಿನಲ್ಲಿ ಪಾಪ್-3 ಸಾಕು. ಪ್ರತಿ ಉಳಿಸುವ ಸೂಚನೆಯನ್ನು ಮಾತ್ರ ಮರೆಯಬಾರದು. ಖಾತೆ ಜೋಡಿಸುವಾಗ ಭದ್ರ ಸಂಪರ್ಕದ ಪೋರ್ಟ್ ಸಂಖ್ಯೆ ಕೇಳಿದರೆ ಪಾಪ್-3ಕ್ಕೆ 995, ಐಮ್ಯಾಪ್‌ಗೆ 993 ಎಂದು ನಮೂದಿಸಿ. ಯಾವ ಕ್ರಮವಾದರೂ ಮುಖ್ಯ ದಾಖಲೆಗಳನ್ನು ಮುದ್ರಿಸಿ ಕಡತದಲ್ಲಿಡಿ.