ಎಂಟು ಗಂಟೆಗೆ ಊಟದ ಮೇಜಿಗೆ ಬಾ

ಮಗಳೇ, ಬೊಲೋನ್ಯಾದಲ್ಲಿ ಹಾಸ್ಟೆಲ್ ಸಿಗಲಿಲ್ಲ, ಇಟಾಲಿಯನ್ ಕುಟುಂಬವೊಂದರ ಮನೆಯಲ್ಲಿ ಕೋಣೆ ಸಿಕ್ಕಿದೆ ಎಂದು ನಿನ್ನಮ್ಮ ಆತಂಕದಿಂದ ಹೇಳಿದಳು. ಆ ಊರಲ್ಲಿ ಬಹುಕಾಲ ಇದ್ದು ಬಂದ ನಿನ್ನ ದೊಡ್ಡಮ್ಮನಿಗೆ ಮಾತ್ರ ಕೇಳಿ ಸಂತೋಷವಾಯಿತು. 1088ರಿಂದ ತನ್ನ ವಯಸ್ಸು ಲೆಕ್ಕ ಹಾಕುವ ಆ ವಿಶ್ವವಿದ್ಯಾಲಯದಲ್ಲಿ ನಿನ್ನ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ. ನಮ್ಮ ಎಷ್ಟೋ ಮಕ್ಕಳು ನಾಲ್ಕೈದು ಜನ ಸೇರಿ ಫ್ಲ್ಯಾಟ್ ಹಿಡಿದು, ಅನ್ನ ಸಾರು ಮಾಡಿಕೊಂಡು, ಎರಡು ವರ್ಷ ಓದಿ, ಅಲ್ಲಿಯ ಒಂದು ಮನೆಯ ಅಡುಗೆಮನೆಯನ್ನೂ ನೋಡದೆ ಡಿಗ್ರಿ ತಂದುಬಿಡುತ್ತಾರೆ. ನಿನಗೆ ಬೇಡಿದರೂ ಸಿಗದ ಅವಕಾಶ ಬಂದಿದೆ. ಅದನ್ನು ಹಾಳುಮಾಡುವುದು ಚಳಿಯೂ ಅಲ್ಲ, ಭಾಷೆಯೂ ಅಲ್ಲ, ನಾವೇ ನಿನಗೆ ಕಲಿಸಿದ ಸಂಕೋಚ.

ಬಡಿಸಲು ಬಂದಾಗ ಮೊದಲು ಬೇಡ ಎನ್ನುವುದು, ಒತ್ತಾಯ ಮಾಡಿದ ಮೇಲೆ ಕೈ ತೆಗೆಯುವುದು ನಮ್ಮಲ್ಲಿ ಮರ್ಯಾದೆ. ಅಲ್ಲಿ ಮನೆಯ ಅಜ್ಜಿ ಒತ್ತಾಯ ಮಾಡಿಯಾಳು. ಉಳಿದವರು ನೀನು ಬೇಡ ಎಂದರೆ ಬೇಡವೆಂದೇ ತಿಳಿದು ಪಾತ್ರೆ ಮುಂದೆ ಸಾಗಿಸುತ್ತಾರೆ. ಹಸಿವಾದರೆ ಹಸಿವು ಎನ್ನು. ಬೇಕಾದ್ದನ್ನು ಕೇಳು. ಮನೆಯೊಡತಿಯನ್ನು ಸಿನ್ಯೋರಾ ಎಂದು ಕರೆದು, ಕೇಳುವುದನ್ನು ನಗುಮುಖದಿಂದ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಎಲ್ಲಕ್ಕಿಂತ ಮೊದಲು ನಿನ್ನ ಊಟದ ವಿಷಯ ಇತ್ಯರ್ಥವಾಗಬೇಕು. ನಾನು ಸಸ್ಯಾಹಾರಿ ಎಂದಷ್ಟೇ ಹೇಳಿ ಸುಮ್ಮನಾಗಬೇಡ. ದೊಡ್ಡ ಮಾಂಸದ ತುಂಡು ಇಲ್ಲದಿದ್ದರೆ ಸಾಕೆಂದುಕೊಂಡು, ಹ್ಯಾಮ್ ಚೂರು ಉದುರಿಸಿದ ಅಥವಾ ಟ್ಯೂನಾ ಮೀನು ಕಲಸಿದ ತಟ್ಟೆ ತಂದಿಡುವವರು ಇದ್ದಾರೆ. ಅವರದು ಕೆಟ್ಟ ಮನಸ್ಸಲ್ಲ. ಮಾಂಸ ಇಲ್ಲ, ಮೀನು ಇಲ್ಲ, ಮಾಂಸ ಕುದಿಸಿದ ನೀರೂ ಇಲ್ಲ ಎಂದು ಮೂರನ್ನೂ ಬಿಡಿಸಿ ಹೇಳು. ರಿಸೊಟ್ಟೊ ಅನ್ನವನ್ನು ಬಹಳ ಸಲ ಅಂಥ ನೀರಿನಲ್ಲೇ ಬೇಯಿಸುತ್ತಾರೆ. ಆ ಊರಿನ ಕ್ರೆಶೆಂತೀನೆ ನಮ್ಮ ಪೂರಿಯ ಹಾಗೆಯೇ ಉಬ್ಬಿ ಬರುತ್ತದೆ, ಸಂಪ್ರದಾಯದಂತೆ ಅದನ್ನು ಕರಿಯುವುದು ಹಂದಿಕೊಬ್ಬಿನಲ್ಲಿ. ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ದ್ರವ್ಯ. ಇದನ್ನು ಹೇಳುತ್ತಿರುವುದು ಹೆದರಿಸಲಿಕ್ಕಲ್ಲ. ನಿನ್ನ ಗೆರೆ ಎಲ್ಲಿ ಎಂದು ಇಲ್ಲಿಂದ ಹೊರಡುವ ಮುಂಚೆಯೇ ನೀನೇ ತೀರ್ಮಾನ ಮಾಡಿಕೊಂಡಿರಬೇಕು. ದಿನಕ್ಕೊಂದು ಥರ ಹೇಳಿದರೆ ಅಡುಗೆ ಮಾಡುವವಳಿಗೆ ಕಷ್ಟ. ತಿನ್ನಲು ಬೇಕಾದಷ್ಟಿದೆ: ಕಡಲೆಕಾಳು ಹಾಕಿದ ಪಾಸ್ತಾ, ಹುರುಳಿಕಾಯಿ ಬೀಜದ ಗಟ್ಟಿ ಸಾರು, ಬದನೆಕಾಯಿ ಪದರಗಳ ಪಾರ್ಮಿಜಾನಾ, ರಿಕೊಟ್ಟಾ ತುಂಬಿ ಬೆಣ್ಣೆಯಲ್ಲಿ ಹೊರಳಿಸಿದ ತೊರ್ತೆಲ್ಲೋನಿ. ಬೆಳಗ್ಗೆ ಮಾತ್ರ ಇಡ್ಲಿ, ಉಪ್ಪಿಟ್ಟಿನಂಥದ್ದು ನಿರೀಕ್ಷಿಸಬೇಡ. ಹಾಲು ಕಾಫಿ, ಜೊತೆಗೆ ಬಿಸ್ಕತ್ತು, ಅಷ್ಟೇ.

ರಾತ್ರಿ ಊಟ ಎಂಟರ ಸುಮಾರಿಗೆ. ಅದೊಂದು ಹೊತ್ತನ್ನು ಬಿಡಬೇಡ ಕಣೇ. ತಡವಾಗುವುದಾದರೆ ಮೊದಲೇ ಮೆಸೇಜ್ ಹಾಕು. ಒಲೆಯ ಮೇಲೆ ನೀರು ಕುದಿಯುತ್ತಿರುತ್ತದೆ, ಎಲ್ಲರೂ ಬಂದ ಮೇಲೆಯೇ ಪಾಸ್ತಾ ಹಾಕುತ್ತಾರೆ, ನೀನೊಬ್ಬಳು ಬರದಿದ್ದರೆ ಮನೆಮಂದಿಯೆಲ್ಲ ಕಾಯುತ್ತಾರೆ. ಮೊದಲು ಪಾಸ್ತಾ, ಅದು ಮುಗಿದ ಮೇಲೆ ಇನ್ನೊಂದು ಪದಾರ್ಥ, ಪಕ್ಕದಲ್ಲಿ ತರಕಾರಿ, ಕೊನೆಗೆ ಹಣ್ಣು. ಎಲ್ಲವನ್ನೂ ಒಟ್ಟಿಗೆ ಕಲಸಿಕೊಳ್ಳುವಂತಿಲ್ಲ. ಸ್ಪಗೆಟ್ಟಿಯನ್ನು ಚಾಕುವಿನಿಂದ ಕತ್ತರಿಸಬೇಡ, ಫೋರ್ಕಿಗೆ ಸುತ್ತುವುದು ಎರಡು ದಿನದಲ್ಲಿ ಬರುತ್ತದೆ. ತಟ್ಟೆಯಲ್ಲಿ ಉಳಿದ ಸಾಸನ್ನು ಬ್ರೆಡ್ಡಿನಿಂದ ಒರೆಸಿ ತಿಂದರೆ ಅಡುಗೆ ಮಾಡಿದವರಿಗೆ ಖುಷಿ. ಆ ಒಂದು ಗಂಟೆಯಲ್ಲಿ ಅವರು ರಾಜಕೀಯ, ಫುಟ್‌ಬಾಲ್, ಪಕ್ಕದ ಮನೆಯ ವಿಷಯ ಎಲ್ಲ ಮಾತಾಡುತ್ತಾರೆ, ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಾರೆ. ಜಗಳ ಅಂದುಕೊಳ್ಳಬೇಡ. ಶುರುವಿನಲ್ಲಿ ನಿನಗೆ ಏನೂ ತಿಳಿಯುವುದಿಲ್ಲ. ಕೂತು ಕೇಳು. ಭಾಷೆ ಆ ಮೇಜಿನಲ್ಲಿ ಬಂದಷ್ಟು ತರಗತಿಯಲ್ಲಿ ಬರುವುದಿಲ್ಲ. ಆ ಹೊತ್ತಿಗೆ ನಮಗೆ ವೀಡಿಯೊ ಕಾಲ್ ಮಾಡಲು ಹೋಗಬೇಡ. ಅಲ್ಲಿ ಎಂಟು ಎಂದರೆ ಇಲ್ಲಿ ಬೇಸಿಗೆಯಲ್ಲಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ನಿನ್ನಮ್ಮ ಮಲಗಲಿ. ಮಧ್ಯಾಹ್ನ ಮಾಡು.

ಮನೆಯ ಒಳಗಿನ ಕೆಲವು ಸಂಗತಿಗಳು. ಅಲ್ಲಿಯ ಬಹುತೇಕ ಮನೆಗಳ ವಿದ್ಯುತ್ ಸಂಪರ್ಕ ಬರೀ 3 ಕಿಲೋವ್ಯಾಟಿನದು. ವಾಷಿಂಗ್ ಮಷೀನ್, ಒವೆನ್ ಎರಡೂ ಓಡುತ್ತಿರುವಾಗ ನೀನು ಹೇರ್ ಡ್ರೈಯರ್ ಹಾಕಿದರೆ ಇಡೀ ಮನೆ ಕತ್ತಲೆ. ಕೇಳಿಕೊಂಡೇ ಹಾಕು. ಹಾಗೆಂದು ಒದ್ದೆ ತಲೆಯಲ್ಲಿ ಹೊರಗೆ ಹೊರಟರೆ ಸಿನ್ಯೋರಾ ಬೈಯುತ್ತಾಳೆ, ಬೈಸಿಕೋ, ಅದು ಅಕ್ಕರೆ. ಮನೆ ಬೆಚ್ಚಗಿಡುವುದಕ್ಕೂ ಅಲ್ಲಿ ಕಾನೂನಿದೆ: ಬೊಲೋನ್ಯಾದಲ್ಲಿ ಸಾಮಾನ್ಯವಾಗಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ, ದಿನಕ್ಕೆ ಹೆಚ್ಚೆಂದರೆ 14 ಗಂಟೆ, ಸುಮಾರು 20 ಡಿಗ್ರಿ. ಅಕ್ಟೋಬರ್ ಮೊದಲ ವಾರದ ಚಳಿಗೆ ಹೀಟರ್ ಹಾಕಿ ಎಂದು ಪೀಡಿಸಬೇಡ, ಉಣ್ಣೆಯ ಕಾಲುಚೀಲ, ಮನೆಯೊಳಗೆ ಹಾಕುವ ಚಪ್ಪಲಿ ತೆಗೆದುಕೊಂಡು ಹೋಗು. ನಿನ್ನಮ್ಮನ ಇನ್ನೊಂದು ಚಿಂತೆ, ಬರೀ ಟಿಶ್ಯೂ ಕಾಗದದ ಶೌಚಾಲಯದ್ದು. ಅದಕ್ಕೆ ಕಾರಣವೇ ಇಲ್ಲ. 1975ರಿಂದ ಅಲ್ಲಿ ಪ್ರತಿ ಮನೆಯ ಒಂದು ಬಚ್ಚಲಲ್ಲಾದರೂ ಕೂತು ನೀರಿನಿಂದ ತೊಳೆದುಕೊಳ್ಳುವ ಬಿಡೆ ಎಂಬ ತೊಟ್ಟಿ ಇರಲೇಬೇಕೆಂದು ನಿಯಮವಿದೆ.

ಇಂಗು, ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆಯನ್ನು ಹೇಳದೆ ಕೇಳದೆ ಹಾಕಬೇಡ. ಚಳಿಗಾಲದಲ್ಲಿ ಕಿಟಕಿ ಮುಚ್ಚಿರುತ್ತದೆ, ವಾಸನೆ ಅವರ ಕೋಟುಗಳಿಗೂ ಹತ್ತಿಕೊಳ್ಳುತ್ತದೆ. ಬದಲಿಗೆ ಒಂದು ಸಂಜೆ ಅಡುಗೆಮನೆ ಕೇಳಿಕೊಂಡು ಎಲ್ಲರಿಗೂ ಖಾರ ಕಡಿಮೆ ಮಾಡಿ ಚಿತ್ರಾನ್ನ ಕಲಸು. ಕಡಲೆಕಾಯಿ ಯಾರಿಗಾದರೂ ಆಗದೇ ಎಂದು ಮೊದಲೇ ವಿಚಾರಿಸು. ಯಾರ ಮನೆಗಾದರೂ ಹೂ ಒಯ್ಯುವಾಗ ಸೇವಂತಿಗೆ ಮಾತ್ರ ಬೇಡ. ನಮಗೆ ದೇವರ ಮುಡಿಗೇರುವ ಹೂ, ಅವರಿಗೆ ನವೆಂಬರ್ 2ರಂದು ಸತ್ತವರ ಸಮಾಧಿಗೆ ಇಡುವ ಹೂ.

ಕಾಗದಪತ್ರದ ಮಾತು ಚಿಕ್ಕದು. ವಿದೇಶಿಯರನ್ನು ಮನೆಯಲ್ಲಿಟ್ಟುಕೊಂಡವರು 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ಆದ್ದರಿಂದ ಪಾಸ್‌ಪೋರ್ಟಿನ ಪ್ರತಿ ಕೇಳಿದರೆ ಅನುಮಾನಿಸಬೇಡ. ನಿನ್ನ ವಾಸದ ಪರವಾನಗಿಗೆ ನೀನು ಹೋದ 8 ಕೆಲಸದ ದಿನಗಳೊಳಗೆ ಅಂಚೆ ಕಚೇರಿಯ ಮೂಲಕ ಅರ್ಜಿ ಹಾಕಬೇಕು. ಬಾಡಿಗೆ ಕರಾರು ಬರವಣಿಗೆಯಲ್ಲೇ ಇರಲಿ, ಯಾವ ಹೊತ್ತಿನ ಊಟ ಸೇರಿದೆ ಎಂದು ಅದರಲ್ಲಿ ಬರೆಸು.

ಎಲ್ಲ ಮನೆಗಳೂ ಒಳ್ಳೆಯವಲ್ಲ, ಅದನ್ನೂ ಹೇಳಬೇಕು. ಬಾಗಿಲು ತಟ್ಟದೆ ಕೋಣೆಗೆ ನುಗ್ಗುವವರಿದ್ದರೆ, ಯಾರದಾದರೂ ನೋಟ, ಮಾತು ನಿನಗೆ ಸರಿ ಕಾಣದಿದ್ದರೆ, ಅವರು ಏನಂದುಕೊಳ್ಳುತ್ತಾರೋ ಎಂದು ಒಂದು ದಿನವೂ ತಡೆಯಬೇಡ. ವಿಶ್ವವಿದ್ಯಾಲಯಕ್ಕೆ ತಿಳಿಸಿ ಮನೆ ಬಿಡು. ಅಪಾಯವಾದರೆ 112ಕ್ಕೆ ಕರೆ ಮಾಡು. ದುಡ್ಡು ಹೋದರೆ ಹೋಗಲಿ, ನಾವಿದ್ದೇವೆ.

ಮನೆ ಒಳ್ಳೆಯದಾದರೆ, ಡಿಸೆಂಬರಿನಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಅವರೆಲ್ಲ ಮೇಜಿನ ಸುತ್ತ ಕೂತು ತೊರ್ತೆಲ್ಲೀನಿ ಮಡಿಸುತ್ತಾರೆ. ಹೂರಣ ಹಂದಿಮಾಂಸದ್ದು, ನೀನು ತಿನ್ನಬೇಕಾಗಿಲ್ಲ, ಮುಟ್ಟಲು ಮನಸ್ಸು ಒಪ್ಪದಿದ್ದರೆ ಹಿಟ್ಟು ಲಟ್ಟಿಸಿ ಚೌಕ ಕತ್ತರಿಸಿಕೊಡು. ಜನವರಿಯಲ್ಲಿ ಪರೀಕ್ಷೆ ಇದೆ ಎಂದು ಕೋಣೆಯ ಬಾಗಿಲು ಹಾಕಿಕೊಳ್ಳಬೇಡ. ಓದಲು ರಾತ್ರಿಯಿದೆ, ನೀನು ಹೋಗಿ ಅವರ ಪಕ್ಕದಲ್ಲಿ ಕೂತುಕೋ.